ನಾನು ಕೂತರೆ ಕೂಗುವ ಜೀಪು

ದೆವ್ವ, ದೃಷ್ಟಿ, ಮಾಟ, ಗಾಳಿ ಸೋಂಕು, ಇವು ಯಾವುದನ್ನೂ ನಾನು ನಂಬಿದವಳಲ್ಲ. ನಂಬುವವರನ್ನು ಕಂಡರೆ ಮುಖಕ್ಕೇ ಬೈಯುತ್ತಿದ್ದೆ. ಅದಕ್ಕೇ ಈಗ ಬರೆಯಲು ಕೂತರೆ ಕೈ ಮುಂದಕ್ಕೆ ಹೋಗುತ್ತಿಲ್ಲ. ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಇದನ್ನು ಹೇಳಿದ್ದರೆ ನಾನೇ ಎಲ್ಲರಿಗಿಂತ ಮೊದಲು ನಗುತ್ತಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಚಂದ ಮಾಡಿ ಹೇಳಲು ಬರುವುದಿಲ್ಲ, ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮದು ಶಿರಂಗಾಲದ ಕಡೆ. ಮಾವನವರ ಕಾಲದಲ್ಲಿ ಹಾಸನದಿಂದ ಬಂದು ಇಲ್ಲಿ ಹೊಲ ಗದ್ದೆ ಮಾಡಿಕೊಂಡವರು. ನಮ್ಮ ಕಡೆ ಹೊಲದ ಕೆಲಸ ಮುಗಿದ ಮೇಲೆ ಊರಿನ ಹೆಂಗಸರು ಸುಂಟಿಕೊಪ್ಪದ ಕಡೆಯ ಎಸ್ಟೇಟಿಗೆ ಕಾಫಿ ಪಿಕಿಂಗಿಗೆ ಹೋಗುತ್ತಾರೆ. ಅವರನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹತ್ತಿರ ಮಾತಾಡಿ ಕೆಲಸಕ್ಕೆ ಹಚ್ಚಿ, ಸಂಜೆ ಮನೆ ಮುಟ್ಟಿಸುವ ಮೇಸ್ತ್ರಿ ಕೆಲಸ ನನ್ನದಾಗಿತ್ತು. ಗಂಡ ಹೋದ ಮೇಲೆ ಶುರು ಮಾಡಿದ್ದು. ಮಗ ಮರದ ಮಿಲ್ಲಿಗೆ ಹೋಗುತ್ತಾನೆ, ಜೀಪು ಓಡಿಸುತ್ತಿದ್ದದ್ದು ಸೊಸೆ ಸವಿತಾ. ಅವಳ ಪಕ್ಕದ ಸೀಟು ನನ್ನದು. ನನಗೆ ಜ್ವರ ಬಂದು ಮಲಗಿದ ದಿನವೂ ಅದರಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ, ಹಿಂದೆ ಒತ್ತಿಕೊಂಡೇ ಹೋಗುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಅಲ್ಲಿ ಕೂತಾಗ ನನಗೆ ಒಂದು ಗತ್ತು ಇತ್ತು.

ಆ ವರ್ಷ ಆಯುಧಪೂಜೆಗೆ ಮಗ ಒಳ್ಳೆಯ ಬೂದುಗುಂಬಳಕಾಯಿ ತಂದಿದ್ದ. ಗಾಡಿಗೆ ಹೂವು ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ನಿವಾಳಿಸಿ ರಸ್ತೆಯಲ್ಲಿ ಒಡೆಯುವುದು ಎಲ್ಲರ ಮನೆಯ ಪದ್ಧತಿ. ನನಗೆ ಅದು ಮೊದಲಿಂದಲೂ ಆಗದ ಕೆಲಸ. ತಿನ್ನುವ ಪದಾರ್ಥವನ್ನು ಬೀದಿಗೆ ಚೆಲ್ಲಿ, ಅದರ ಮೇಲೆ ಯಾರೋ ಬೈಕಿನವನು ಜಾರಿ ಬಿದ್ದರೆ ಯಾವ ದೇವರಿಗೆ ಸಂತೋಷ? ಮಗನ ಕೈಯಿಂದ ಕಾಯಿ ಕಿತ್ತುಕೊಂಡು ಹೋಗಿ, ಹೆಚ್ಚಿ ಮಜ್ಜಿಗೆ ಹುಳಿ ಮಾಡಿದೆ. ಪಿಕಿಂಗಿನ ಹೆಂಗಸರನ್ನೂ ಊಟಕ್ಕೆ ಕರೆದಿದ್ದೆ. ಗಾಡಿ ಹೆಸರಿನ ಕಾಯಿ, ಗಂಟಲಲ್ಲಿ ಇಳಿಯುವುದಿಲ್ಲ ಅಂದವಳು ಪುಟ್ಟಮ್ಮ ಒಬ್ಬಳೇ. ಅಂದುಕೊಂಡೇ ಎರಡು ಸಲ ಬಡಿಸಿಕೊಂಡಳು.

ಪಿಕಿಂಗ್ ಶುರುವಾದ ವಾರವೇ ಜೀಪಿನ ಬಾನೆಟ್ಟಿನೊಳಗಿಂದ ಒಂದು ಕೂಗು ಎದ್ದಿತು. ಹಂದಿಮರಿಯ ಕಾಲು ಹಿಡಿದು ಎಳೆದರೆ ಕಿರುಚುತ್ತದಲ್ಲ, ಹಾಗೆ. ಫ್ಯಾನ್ ಬೆಲ್ಟಿನ ಸದ್ದು ಅಂತ ನನಗೂ ಗೊತ್ತಾಯಿತು. ಹಳೆ ಜೀಪು, ಎಷ್ಟೋ ಸಲ ಕೇಳಿದ್ದೇನೆ. ಸವಿತಾ ಎಂಜಿನ್ ಆರಿಸಿ, ಬಟ್ಟೆ ಸೋಪಿನ ತುಂಡು ತಂದು ಬೆಲ್ಟಿನ ಒಳಮೈಗೆ ಉಜ್ಜಿದಳು. ಬೇರೆ ಸಲ ಅಷ್ಟಕ್ಕೇ ಸುಮ್ಮನಾಗುತ್ತಿತ್ತು. ಈ ಸಲ ಆಗಲಿಲ್ಲ. ಆನೆಕಾಡಿನ ರಸ್ತೆಗೆ ಬಂದರೆ ಹಿಂದೆ ಕೂತವರೆಲ್ಲ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಈ ಕಿರುಚಾಟಕ್ಕೆ ಆನೆ ಬಂದು ಅಡ್ಡ ನಿಂತರೆ ಇಳಿದು ಓಡುವ ಕಾಲು ಯಾರಿಗಿದೆ ಅಂತ ಅವರ ಭಯ. ಪಕ್ಕದ ಊರಿನ ಮೇಸ್ತ್ರಿ ಹೊಸ ಪಿಕಪ್ ತಂದಿದ್ದಾನೆ, ಅದರಲ್ಲಿ ಸದ್ದೇ ಇಲ್ಲ ಅನ್ನುವ ಮಾತು ನನ್ನ ಕಿವಿಗೆ ಬೀಳುವಂತೆಯೇ ಆಡುತ್ತಿದ್ದರು. ಅವರು ಅವನ ಗಾಡಿ ಹತ್ತಿದರೆ ನನ್ನ ಮೇಸ್ತ್ರಿತನ ಅಲ್ಲಿಗೆ ಮುಗಿಯಿತು.

ರಜೆಯ ದಿನ ಜೀಪನ್ನು ಕುಶಾಲನಗರದ ರಫೀಕನ ವರ್ಕ್‌ಶಾಪಿಗೆ ಒಯ್ದೆವು. ನಮ್ಮ ಗಾಡಿ ಮೊದಲಿಂದ ನೋಡುವವನು ಅವನೇ. ಬೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ, ಸಡಿಲ ಇರಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ನೀರು ಚಿಮುಕಿಸಿದ. ಬೆಲ್ಟಿನದೇ ದೋಷವಾದರೆ ನೀರು ಬಿದ್ದ ಕೂಡಲೇ ಸದ್ದು ಏರುತ್ತದೆ ಇಲ್ಲವೇ ಇಳಿಯುತ್ತದೆ ಅಂದ. ಏರಲೂ ಇಲ್ಲ, ಇಳಿಯಲೂ ಇಲ್ಲ. ಆದರೂ ಇರಲಿ ಅಂತ ಹೊಸ ಬೆಲ್ಟು ಹಾಕಿದ. ಕೂಗು ಹಾಗೇ ಇತ್ತು. ಬೆಲ್ಟನ್ನು ಪೂರ್ತಿ ಬಿಚ್ಚಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿದ, ಆಗ ಸದ್ದಿಲ್ಲ. ಹಾಗಾದರೆ ಬೆಲ್ಟು ತಿರುಗಿಸುವ ಯಾವುದೋ ಒಂದರ ಬೇರಿಂಗ್ ಹೋಗಿದೆ ಎಂದು ಲೆಕ್ಕ ಹಾಕಿದ. ಬೆಲ್ಟು ಮತ್ತೆ ಹಾಕಿ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ವಾಟರ್ ಪಂಪಿಗೆ, ಡೈನಮೋಗೆ ತಾಗಿಸಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಡಾಕ್ಟರ ಹಾಗೆ ಕೇಳಿದ. ಆಮೇಲೆ ಎರಡರ ಬೇರಿಂಗನ್ನೂ ಬದಲಾಯಿಸಿದ. ಇಷ್ಟು ಹೊತ್ತೂ ನಾನು ನನ್ನ ಸೀಟಿನಲ್ಲೇ ಕೂತಿದ್ದೆ.

ಎಲ್ಲ ಆದ ಮೇಲೆ ನಾನು ಇಳಿದು ಟೀ ಕುಡಿಯಲು ಹೋದೆ. ರಫೀಕ ಸವಿತಾಳ ಕೈಗೇ ಸ್ಟೇರಿಂಗ್ ಕೊಟ್ಟು ಹಾರಂಗಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ. ಜೀಪು ಬೆಣ್ಣೆಯ ಹಾಗೆ ಬಂದು ನಿಂತಿತು. ಸರಿಯಾಯಿತು ಅಂತ ಹತ್ತಿ ಕೂತೆ. ಕೂತದ್ದೇ ಕೀಂಯ್ ಅಂತ ಶುರುವಾಯಿತು. ಅವನು ಬಾನೆಟ್ ಎತ್ತಿದ. ಏನಾಗಿದೆ ನೋಡೋಣ ಎಂದು ನಾನು ಇಳಿದೆ, ನಿಂತು ಹೋಯಿತು. ಹತ್ತಿದೆ, ಕೂಗಿತು. ರಫೀಕ ಕೈ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದ.

"ಅಮ್ಮಾ, ಇನ್ನೊಂದ್ಸಲ ಇಳೀರಿ," ಅಂದ.

ಇಳಿದೆ. ಸುಮ್ಮನಾಯಿತು.

ಭಾರಕ್ಕೆ ಇರಬೇಕು ಅಂದೆ. ಪಕ್ಕದ ಟೈರ್ ಅಂಗಡಿಯವನು ನನ್ನ ಎರಡರಷ್ಟು ಇದ್ದಾನೆ. ಅವನನ್ನು ಕರೆದು ಕೂರಿಸಿದರು. ಏನೂ ಇಲ್ಲ. ಬಳೆಗೆ ಇರಬಹುದು ಅಂತ ಬಳೆ ಬಿಚ್ಚಿಟ್ಟು ಹತ್ತಿದೆ, ಚಪ್ಪಲಿ ಬಿಟ್ಟು ಹತ್ತಿದೆ. ಹಿಂದಿನ ಸೀಟಿನಲ್ಲಿ ಹೋಗಿ ಕೂತೆ. ಎಲ್ಲಿ ಕೂತರೂ ಕೂಗಿತು. ಅಷ್ಟರಲ್ಲಿ ಅಕ್ಕಪಕ್ಕದ ಅಂಗಡಿಯವರು ಬಂದು ಸೇರಿದ್ದರು. ನನಗೆ ತಲೆ ಕೆಟ್ಟು ಹೋಯಿತು. ನಾನು ಮನೆಯಲ್ಲಿರಲಿ, ಮೇಸ್ತ್ರಿತನ ತನಗೆ ಸಿಗಲಿ ಅಂತ ಸೊಸೆಯೇ ಕಾಲಿನಲ್ಲಿ ಏನೋ ಒತ್ತುತ್ತಿದ್ದಾಳೆ ಎಂದು ಅಷ್ಟು ಜನರ ಎದುರಿಗೆ ಅಂದುಬಿಟ್ಟೆ. ಸವಿತಾ ಸ್ಟೇರಿಂಗ್ ಬಿಟ್ಟು ಇಳಿದು, "ನೀವೇ ಕೂತ್ಕೊಳಿ ರಫೀಕಣ್ಣ" ಎಂದು ದೂರ ಹೋಗಿ ನೆರಳಿನಲ್ಲಿ ನಿಂತಳು. ರಫೀಕ ಅವಳ ಜಾಗದಲ್ಲಿ ಕೂತ. ನಾನು ಹತ್ತಿದೆ.

ಕೂಗಿತು. ಮೊದಲಿಗಿಂತ ಜೋರಾಗಿಯೇ ಕೂಗಿತು ಅಂತ ನನಗೆ ಅನ್ನಿಸಿತು.

ಗಾಡಿಯಲ್ಲಿ ತನಗೆ ಕಾಣುವ ದೋಷ ಇನ್ನು ಇಲ್ಲ ಎಂದು ರಫೀಕ ಮೆಲ್ಲಗೆ ಹೇಳಿದ. ಒಳ್ಳೆಯವನು, ಬೇರೇನೂ ಹೇಳಲಿಲ್ಲ. ಹೇಳಿದ್ದು ಟೈರ್ ಅಂಗಡಿಯವನು. ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಮಾರನೇ ಬೆಳಿಗ್ಗೆ ಹೆಂಗಸರು ಜೀಪಿನ ಹತ್ತಿರ ಬಂದು ನಿಂತರು, ಹತ್ತಲಿಲ್ಲ. ಎಲ್ಲರ ಕಣ್ಣೂ ಪುಟ್ಟಮ್ಮನ ಮೇಲೆ. ಅವಳು ಕುಂಬಳಕಾಯಿಯ ಮಾತು ತೆಗೆದಳು. ನಾನು ಬಿಡಲಿಲ್ಲ. ಆ ಹುಳಿಯನ್ನು ನೀವೂ ಉಂಡಿದ್ದೀರಿ, ನೀನಂತೂ ಎರಡು ಸಲ ಉಂಡಿದ್ದೀಯ, ಹಾಗಾದರೆ ನೀನು ಹತ್ತಿದಾಗ ಯಾಕೆ ಕೂಗುವುದಿಲ್ಲ ಎಂದು ಕೇಳಿದೆ.

ಪುಟ್ಟಮ್ಮ ಯೋಚನೆಯನ್ನೂ ಮಾಡಲಿಲ್ಲ. "ನಾವು ಉಂಡೋರು ಕಣಕ್ಕ. ಹೆಚ್ಚಿದೋಳು ನೀನು," ಅಂದಳು.

 

ನಾಳೆ ಕಾಯಿ ಒಡೆಸುತ್ತೇನೆ, ಇವತ್ತು ಹತ್ತಿ ಅಂದೆ. ಅಂದವಳು ನಾನೇ, ಬೇರೆಯವರಲ್ಲ. ಆ ದಿನ ದಾರಿಯುದ್ದಕ್ಕೂ ಕೂಗಿಸಿಕೊಂಡು ಹೋಗಿ, ಸಂಜೆ ಬರುವಾಗ ಕುಶಾಲನಗರದಲ್ಲಿ ಇಳಿದು ಕುಂಬಳಕಾಯಿ ಆರಿಸಿದೆ. ಅಂಗಡಿಯವನು ಹುಳಿಗಾ ಅಂತ ಕೇಳಿದ. ದುಡ್ಡು ಕೊಟ್ಟು ಕಾಯಿ ಎತ್ತಿಕೊಂಡೆ.

ಬೆಳಿಗ್ಗೆ ಎಲ್ಲರೂ ಬಂದಿದ್ದರು. ಪಿಕಿಂಗಿಗೆ ಹೋಗದವರೂ ನೋಡಲು ಬಂದಿದ್ದರು. ಮಗ ಕಾಯಿಯ ತಲೆ ಕೊಯ್ದು ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ ಜೀಪಿಗೆ ನಿವಾಳಿಸಿದ. ನನಗೂ ನಿವಾಳಿಸಲಿ ಎಂದು ಯಾರೋ ಅಂದರು. ಮಗ ಅನುಮಾನಿಸುತ್ತಾ ನನ್ನ ಮುಖ ನೋಡಿದ. ನಾನು ಹೋಗಿ ಜೀಪಿನ ಪಕ್ಕ ನಿಂತುಕೊಂಡೆ. ಇಂಥವರನ್ನು ಜೀವಮಾನವೆಲ್ಲ ಬೈದವಳು, ಆವತ್ತು ಕೈ ಮುಗಿದು, ಕಣ್ಣು ಮುಚ್ಚಿ ನಿಂತೆ. ನಿಜವಾಗಿಯೂ ಬೇಡಿಕೊಂಡೆ. ಕಾಟಾಚಾರಕ್ಕೆ ನಿಂತಿದ್ದರೆ ನನಗೆ ಈಗ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಮಗ ಕಾಯಿಯನ್ನು ರಸ್ತೆಗೆ ಅಪ್ಪಳಿಸಿದ. ಕೆಂಪಗೆ ಚೆಲ್ಲಾಡಿತು.

ಹತ್ತಿ ಕೂತೆ. ಹೆಂಗಸರೂ ಹತ್ತಿದರು. ಸವಿತಾ ಕೀಲಿ ತಿರುಗಿಸಿದಳು. ಎಂಜಿನ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಿಂದೆ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ನನ್ನ ಎದೆ ಹಗುರವಾಯಿತು. ಸವಿತಾ ಗೇರಿಗೆ ಕೈ ಹಾಕಿದಳು.

ಆಗ ಕೂಗಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದು ಬದುಕಿಕೊಳ್ಳುತ್ತಿದ್ದೆ. ಪುಟ್ಟಮ್ಮ ಕೂಡ ತಲೆ ತಗ್ಗಿಸಿಕೊಂಡಿದ್ದಳು. ಸವಿತಾ ನನ್ನ ಕಡೆ ತಿರುಗಲಿಲ್ಲ, ಸ್ಟೇರಿಂಗ್ ನೋಡುತ್ತಲೇ ಹೇಳಿದಳು: "ಅತ್ತೆ, ಇವತ್ತೊಂದಿನ ನೀವು ಇಳೀರಿ. ಇವ್ರನ್ನ ನಾನು ಕರ್ಕೊಂಡು ಹೋಗಿ ಬತ್ತೀನಿ."

ಇಳಿದೆ. ಜೀಪು ಸದ್ದಿಲ್ಲದೆ ಹೋಯಿತು. ತಿರುವಿನವರೆಗೂ ಕಿವಿ ಕೊಟ್ಟು ನಿಂತಿದ್ದೆ. ರಸ್ತೆಯಲ್ಲಿ ಕುಂಬಳದ ಹೋಳು ಬಿದ್ದಿದ್ದವು. ಕುಂಕುಮ ಬಿದ್ದ ಹೋಳು ಹುಳಿಗೂ ಬಾರದು. ಪೊರಕೆ ತಂದು ಗುಡಿಸಿದೆ.

ಅವತ್ತಿನಿಂದ ಸವಿತಾಳೇ ಮೇಸ್ತ್ರಿ. ಚೆನ್ನಾಗಿಯೇ ಮಾಡುತ್ತಾಳೆ, ಒಬ್ಬ ಹೆಂಗಸೂ ಬೇರೆ ಗಾಡಿ ಹತ್ತಲಿಲ್ಲ. ವರ್ಕ್‌ಶಾಪಿನಲ್ಲಿ ನಾನು ಅಂದ ಮಾತನ್ನು ಅವಳು ಒಂದು ದಿನವೂ ಎತ್ತಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ಆಮೇಲೆ ಮಗ ಜೀಪು ಮಾರಿ ಬೇರೆ ಗಾಡಿ ತಂದ. ಅದರಲ್ಲಿ ಮುಂದೆ ಬಂದು ಕೂರಿ ಎಂದು ಸವಿತಾ ಕರೆಯುತ್ತಾಳೆ. ನಾನು ಇದುವರೆಗೆ ಕೂತಿಲ್ಲ. ಬಸ್ಸು ಆಟೋಗಳಲ್ಲಿ ಓಡಾಡುತ್ತೇನೆ, ಅಲ್ಲೆಲ್ಲ ಏನೂ ಆಗುವುದಿಲ್ಲ.

ನಮ್ಮ ಜೀಪನ್ನು ಕೊಂಡವನು ಹಾರಂಗಿ ಕಡೆಯಿಂದ ಮೀನು ತಂದು ಊರೂರಿಗೆ ಮಾರುವವನು. ಅವನಿಗೆ ಈ ಕತೆ ಗೊತ್ತಿಲ್ಲ. ಅವನು ನಮ್ಮ ರಸ್ತೆಗೆ ಬಂದ ಮೊದಲ ದಿನ ನಾನು ಜಗುಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಜೀಪು ನಮ್ಮ ಗೇಟಿನ ಎದುರಿಗೆ ಬಂತು, ನಾನು ಹತ್ತದಿದ್ದರೂ ಕೀಂಯ್ ಅಂತು. ಅವನು ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ ಬಾನೆಟ್ ಎತ್ತಿ ನೋಡಿ, ಸ್ವಲ್ಪ ನೀರು ಕೊಡಿ ಎಂದು ಕೂಗಿ ಕೇಳಿದ. ಸವಿತಾ ಚೊಂಬು ತೆಗೆದುಕೊಂಡು ಹೋದಳು. ನಾನು ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದು, ಒಳಗಿನಿಂದ ಹಾದು ಹಿತ್ತಿಲಿಗೆ ಹೋಗಿ ಕೊಟ್ಟಿಗೆಯ ಹಿಂದೆ ನಿಂತೆ. ಕೂಗು ನಿಂತಿತು.

"ನೀರು ಬಿತ್ತಲ್ಲ ಅಕ್ಕ, ಸರಿಯಾಯ್ತು ನೋಡಿ," ಎಂದು ಅವನು ಸವಿತಾಳಿಗೆ ಹೇಳುವುದು ಹಿತ್ತಿಲಿಗೆ ಕೇಳಿಸಿತು.

ಸವಿತಾ ಹೌದು ಅಂದಳು.

ಈಗ ಅವನು ಬರುವ ಹೊತ್ತು ನನಗೆ ಗೊತ್ತು. ದೂರದಿಂದ ಹಾರನ್ ಕೇಳಿಸಿದ ಕೂಡಲೇ ಕೊಟ್ಟಿಗೆ ಕಡೆಗೆ ಹೋಗುತ್ತೇನೆ. ಹೆದರಿಕೆಗೆ ಅಲ್ಲ. ಬೀದಿಯಲ್ಲಿ ನಿಂತು ಅದು ನನ್ನನ್ನು ಕೂಗಿದರೆ ಜನರ ಮುಖ ಹೇಗೆ ನೋಡಲಿ? ನಾನು ಏಳುವುದನ್ನು ಕಂಡರೆ ಸವಿತಾ ಏನೂ ಕೇಳುವುದಿಲ್ಲ. ಎಂದಾದರೂ ನಾನು ಏಳುವುದು ತಡವಾದರೆ ಬೇಕಾದೀತು ಅಂತ ನೀರಿನ ಚೊಂಬನ್ನು ಮಾತ್ರ ತುಂಬಿ ಜಗುಲಿಯ ಮೇಲೆ ಇಟ್ಟಿರುತ್ತಾಳೆ.