ದುರ್ಗಾಳ ಕೈಗೆ ಸಿಕ್ಕ ಅಕ್ಷರಗಳು

ಉಣಕಲ್‌ನ ದುರ್ಗಾ ನಾಲ್ಕನೇ ತರಗತಿಗೆ ಬಂದರೂ 'ಮರ' ಎಂಬುದನ್ನು 'ರಮ' ಎಂದು ಓದುತ್ತಿದ್ದಳು. ನಿನ್ನೆ ಕಲಿತ ಅಕ್ಷರ ಇವತ್ತು ಹೊಸದಾಗಿ ಕಾಣುತ್ತಿತ್ತು. ತಾರಿಹಾಳದ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತಾಯಿ ರುಕ್ಮವ್ವ, ಮಗಳದು ಬರೀ ಮೈಗಳ್ಳತನವೆಂದು ಬೈದು, ಹೊಡೆದು ಸೋತಿದ್ದಳು.

ಆ ವರ್ಷ ಶಾಲೆಗೆ ಹೊಸದಾಗಿ ಬಂದ ಭಾಗ್ಯಶ್ರೀ ಟೀಚರ್‌ಗೆ ಅನುಮಾನ ಬಂತು. ಓದಲು ಬಾರದ ಈ ಹುಡುಗಿ, ಕೇಳಿದ ಕಥೆಯನ್ನು ಒಂದು ಎಳೆಯೂ ತಪ್ಪದೆ ತಿರುಗಿ ಹೇಳುತ್ತಿದ್ದಳು. ಟೀಚರ್ ತಾಯಿ-ಮಗಳಿಬ್ಬರನ್ನೂ ಧಾರವಾಡದ ಮನಶ್ಶಾಸ್ತ್ರಜ್ಞ ರಾಜಶೇಖರ ಅವರ ಬಳಿ ಕರೆದೊಯ್ದರು.

ಪದದ ಮೊದಲ ಧ್ವನಿ ಬಿಟ್ಟು ಉಳಿದದ್ದನ್ನು ಹೇಳು ಎಂದು ಅವರು ಕೇಳಿದಾಗ ದುರ್ಗಾ ತಡವರಿಸಿದಳು. ಹೇಳಿದ ಅಂಕಿಗಳನ್ನು ಹಿಂದಿನಿಂದ ಹೇಳಲು ಹೋಗಿ ನಡುವೆಯೇ ಮರೆತಳು. ರುಕ್ಮವ್ವ ತಲೆ ತಗ್ಗಿಸಿದಳು. ಆಮೇಲೆ ರಾಜಶೇಖರ ಕೆಂಪು-ಬಿಳಿ ಕಟ್ಟಿಗೆಯ ತುಂಡುಗಳನ್ನು ಮೇಜಿನ ಮೇಲೆ ಸುರಿದು, ಒಂದು ಚಿತ್ರ ತೋರಿಸಿ, ಹಾಗೇ ಜೋಡಿಸಲು ಹೇಳಿದರು. ದುರ್ಗಾಳ ಕೈ ಒಮ್ಮೆಯೂ ನಿಲ್ಲಲಿಲ್ಲ. ಇನ್ನೂ ಕಠಿಣವಾದ ಚಿತ್ರ ಬಂತು, ಅದೂ ಆಯಿತು. ದೊಡ್ಡ ಮಕ್ಕಳಿಗೆಂದು ಇಟ್ಟಿದ್ದವೂ ಮುಗಿದವು. ರಾಜಶೇಖರ ಕುರ್ಚಿಯ ತುದಿಗೆ ಬಂದಿದ್ದರು.

"ಇನ್ನ ಅದಾವೇನ್ರಿ ಸರ್ರ?" ದುರ್ಗಾ ಕೇಳಿದಳು.

"ಎಲ್ಲಾ ಮುಗದ್ವು ನೋಡವ್ವಾ," ಎಂದು ನಕ್ಕು ಅವರು ರುಕ್ಮವ್ವನತ್ತ ತಿರುಗಿದರು. "ಅಕ್ಷರಕ್ಕೂ ಸಪ್ಪಳಕ್ಕೂ ಜೋಡಿ ಹಚ್ಚೂದು ಈಕಿಗೆ ಭಾಳ ತ್ರಾಸ ಐತ್ರಿ. ಅದು ಮೈಗಳ್ಳತನ ಅಲ್ಲ. ಆದ್ರ ಆಕಾರ ಹಿಡಿಯೂದ್ರಾಗ ತನ್ನ ವಾರಿಗಿಯವರಕಿಂತ ಭಾಳ ಮುಂದ ಅದಾಳ."

"ಹಂಗಾದ್ರ ನನ್ನ ಮಗಳು ದಡ್ಡಿ ಅಲ್ಲೇನ್ರಿ?"

"ಅಲ್ರಿ. ಕಲಿಸೂ ದಾರಿ ಬ್ಯಾರೆ ಆಗಬೇಕು, ಅಷ್ಟ."

ಮರುವಾರದಿಂದಲೇ ಹೊಸ ದಾರಿ ಶುರುವಾಯಿತು. ಟೀಚರ್ ಹೇಳಿಕೊಟ್ಟಂತೆ ದುರ್ಗಾ ಮಣ್ಣಿನಲ್ಲಿ ಅಕ್ಷರ ಮಾಡಿ, ಅದರ ಧ್ವನಿಯನ್ನು ಜೋರಾಗಿ ಹೇಳುತ್ತ ಬೆರಳಿನಿಂದ ತೀಡಿದಳು. ರಟ್ಟಿನಲ್ಲಿ ಒತ್ತಕ್ಷರ ಕತ್ತರಿಸಿ ಪದ ಕಟ್ಟಿದಳು. ಕೆಲವು ದಿನ ಎಲ್ಲ ಮರೆತು ಅಳುತ್ತಿದ್ದಳು, ಮತ್ತೆ ಮಣ್ಣು ಕಲಸುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಬಸ್ ಸ್ಟಾಪಿನಲ್ಲಿ ದುರ್ಗಾ ತಾಯಿಯ ಸೆರಗು ಜಗ್ಗಿದಳು. ಎದುರಿಗೆ ನಿಂತ ಬಸ್ಸಿನ ಬೋರ್ಡಿಗೆ ಬೆರಳು ತೋರಿಸಿ, "ಗ... ಬ, ಅದರ ಕೆಳಗ ಇನ್ನೊಂದು ಬ... ರ. ಯವ್ವಾ, ಗಬ್ಬೂರ!" ಎಂದಳು.

ಅಕ್ಷರ ಬಾರದ ರುಕ್ಮವ್ವ ಕಂಡಕ್ಟರನನ್ನು ಕೂಗಿ ಕೇಳಿದಳು, "ಖರೇನ ಇದು ಗಬ್ಬೂರದ ಬಸ್ಸೇನ್ರಿ?"

"ಹೌದ್ರಿ, ಲಗೂ ಹತ್ರಿ."

ಅವಳು ಹತ್ತಲಿಲ್ಲ. ಅದರ ಹಿಂದೆಯೇ ಬಂದ, ತಾನು ಕೆಲಸಕ್ಕೆ ಹೋಗುವ ತಾರಿಹಾಳದ ಬಸ್ಸನ್ನೂ ಬಿಟ್ಟು, ಮಗಳ ಕೈ ಹಿಡಿದು ಬೀದಿಯ ಅಂಗಡಿ ಬೋರ್ಡುಗಳನ್ನೆಲ್ಲ ಓದಿಸುತ್ತ ನಡೆದಳು.

ಈಗ ದುರ್ಗಾ ಒಂಬತ್ತನೇ ತರಗತಿ. ಓದು ಇನ್ನೂ ನಿಧಾನ. ಪರೀಕ್ಷೆಯಲ್ಲಿ ಅವಳಿಗೆ ಹೆಚ್ಚಿನ ಸಮಯ ಕೊಡುತ್ತಾರೆ. ಆದರೆ ರೇಖಾಗಣಿತದ ಪಾಠ ಬಂದರೆ ಸಾಕು, ಗೆಳತಿಯರೆಲ್ಲ ಅವಳ ಬೆಂಚಿಗೆ ನುಗ್ಗುತ್ತಾರೆ.