ಬಂಡೆಯ ಮೇಲೆ ಗೇಣು ಮಣ್ಣು

ಗಂಡ ತೀರಿಕೊಂಡ ವರ್ಷ, ಅಂದರೆ ಎಪ್ಪತ್ತೊಂದರಲ್ಲಿ, ಭಾವ ಗುರುಪುತ್ರಪ್ಪ ಬಾಳವ್ವನ ಪಾಲು ಇದೇ ಎಂದು ತೋರಿಸಿದ್ದು ಖಾನಾಪುರದಾಚೆಯ ಹತ್ತು ಗುಂಟೆ ಕಲ್ಲುಹಾಸು. ಜಮೀನಿನ ಉತಾರ, ಅಂದರೆ ಪಹಣಿ, ಮಾತ್ರ ತನ್ನ ಹೆಸರಿನಲ್ಲೇ ಇಟ್ಟುಕೊಂಡ. ಕೇಳಿದ್ದಕ್ಕೆ, ಕಲ್ಲಿಗೆ ಕಾಗದ ಯಾಕೆ ಅಂದ.

ಬಾಳವ್ವ ಜಗಳಕ್ಕೆ ಹೋಗಲಿಲ್ಲ. ಬಂಡೆಯ ಮೇಲೆ ಒಣ ಕಂಟಿ ಸುಟ್ಟು, ಕಾದ ಕಲ್ಲಿಗೆ ತಣ್ಣೀರು ಸುರಿದಳು. ಬಿರುಕು ಬಿಟ್ಟಲ್ಲಿ ಹಾರೆ ಹಾಕಿ ಎಬ್ಬಿಸಿದಳು. ಎದ್ದ ಕಲ್ಲಿನಿಂದಲೇ ಒಡ್ಡು ಕಟ್ಟಿದಳು. ಬಿರುಕುಗಳಿಗೆ ಮಳೆ ಇಳಿಯಿತು, ಅದರ ಹಿಂದೆ ಹುಲ್ಲಿನ ಬೇರು ಇಳಿಯಿತು. ಮೂರು ಮಳೆಗಾಲ ನೆನೆದ ಗರಸುಕಲ್ಲು ಕೈಯಲ್ಲಿ ಹಿಸುಕಿದರೆ ಪುಡಿಯಾಗತೊಡಗಿತು. ಅದಕ್ಕೆ ತರಗೆಲೆ, ಸಗಣಿ, ಹಳ್ಳದ ಗೋಡುಮಣ್ಣು ಹೊತ್ತು ಹಾಕಿದಳು. ನಡುನೆತ್ತಿಯ ಕೂದಲು ಬುಟ್ಟಿಗೇ ಸವೆದುಹೋಯಿತು. ಮೊದಲು ಹುರುಳಿ ಬಂತು, ಆಮೇಲೆ ರಾಗಿ. ಎಂಬತ್ತೆರಡರ ಹೊತ್ತಿಗೆ ಗೇಣು ಮಣ್ಣಾಗಿತ್ತು.

ಆ ವರ್ಷ ಬೆಳಗಾವಿಯಿಂದ ಮಣ್ಣು ಪರೀಕ್ಷೆಗೆ ಬಂದ ಮಾರ್ತಾಂಡ ಎಂಬ ಅಧಿಕಾರಿ, ಒಡ್ಡಿನ ಬಳಿ ಗುದ್ದಲಿ ಹಾಕಿಸಿ, ಮೊಣಕಾಲೂರಿ ಬಹಳ ಹೊತ್ತು ನೋಡಿದ.

"ಅಕ್ಕಾರ, ಮಳಿ ಬಿಸಲಿಗೇ ಬಿಟ್ರ ಕಲ್ಲು ಕರಗಿ ಒಂದು ಬಟ್ಟು ದಪ್ಪ ಮಣ್ಣಾಗ್ಲಿಕ್ಕೆ ನೂರಾರು ವರ್ಷ ಬೇಕು. ಇದು ಬಂಗಾರ ಅದ, ಜೋಪಾನ ಮಾಡ್ರಿ," ಅಂದ.

ಆ ಮಾತನ್ನು ಬಾಳವ್ವ ಹಿಗ್ಗಿನಿಂದ ಊರೆಲ್ಲ ಹೇಳಿಕೊಂಡಳು. ಗುರುಪುತ್ರಪ್ಪನ ಕಿವಿಗೂ ಬಿತ್ತು.

ಮರುವರ್ಷ ಬಾಳವ್ವ ತಂಗಿಯ ಬಾಣಂತನಕ್ಕೆಂದು ಸಾಂಬ್ರಾಕ್ಕೆ ಹೋಗಿ ಎಂಟು ದಿನಕ್ಕೆ ಬಂದು ನೋಡಿದರೆ, ಹೊಲವಿದ್ದಲ್ಲಿ ಬರೀ ಬಂಡೆ, ಅದರ ಮೇಲೆ ಟ್ರ್ಯಾಕ್ಟರಿನ ಗಾಲಿಯ ಗುರುತು. ಗುರುಪುತ್ರಪ್ಪ ಮಣ್ಣನ್ನೆಲ್ಲ ಇಟ್ಟಂಗಿ ಸುಡುವ ಭಟ್ಟಿಗೆ ಮಾರಿದ್ದ. ಒಡ್ಡಿನ ಕಲ್ಲನ್ನೂ ಬಿಟ್ಟಿರಲಿಲ್ಲ.

ಅವನ ಅಂಗಳದಲ್ಲಿ ನಿಂತು, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದಳು. ಅವನು ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಹೇಳಿದ:

"ನಾ ನಿನಗ ಕೊಟ್ಟಿದ್ದು ಕಲ್ಲು. ಕಲ್ಲು ಅಲ್ಲೇ ಐತಿ, ಹೋಗಿ ನೋಡ್ಕೋ."

ಅವಳು ಕರೆಸಿದ ಪಂಚರು ಉತಾರ ನೋಡಿ, ಹೆಸರು ಅವನದೇ ಇದೆಯಲ್ಲ ಎಂದು ಎದ್ದು ಹೋದರು.

ಭಟ್ಟಿಗೆ ಓಡಿದಳು. ಅರ್ಧ ಮಣ್ಣು ಆಗಲೇ ಹಸಿ ಇಟ್ಟಂಗಿಯಾಗಿ ಬಿಸಿಲಿಗೆ ಸಾಲುಗಟ್ಟಿತ್ತು. ಭಟ್ಟಿಯವನು ಮರುಗಿ, ಬೇಕಾದರೆ ಕೂಲಿಗೆ ಬಾ ಅಂದ. ಬಂಡೆಯನ್ನು ಮತ್ತೆ ಒಡೆಯಲು ಅವಳ ತೋಳಲ್ಲಿ ಕಸುವಿರಲಿಲ್ಲ. ಸೋಮವಾರದಿಂದ ಉಳಿದ ಮಣ್ಣನ್ನು ಅವಳೇ ತುಳಿದು ಕಲಸಿದಳು. ಬೇರಿದ್ದರೆ ಇಟ್ಟಂಗಿ ಸೀಳುತ್ತದೆಂದು, ಸಿಕ್ಕ ಬೇರನ್ನೆಲ್ಲ ಆರಿಸಿ ಎಸೆಯುವುದೂ ಅವಳದೇ ಕೆಲಸವಾಗಿತ್ತು.

ಆರು ವರ್ಷ ಅಲ್ಲೇ ದುಡಿದಳು. ಆ ಕಲ್ಲುಹಾಸಿನ ಕಡೆ ಒಮ್ಮೆಯೂ ಕಾಲಿಡಲಿಲ್ಲ.