ಪೂವಪ್ಪಣ್ಣನ ಚಾರ್ಜಿಂಗ್ ಪುಸ್ತಕ

ಚೆಂಬೂರಿನ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ನನ್ನ ಮನೆಗೂ ಪೂವಪ್ಪಣ್ಣನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅದೂ ಬಿಲ್ಡರ್ ಸಿಮೆಂಟಿಗೆ ಕೈ ಬಿಗಿ ಹಿಡಿದು ಕಟ್ಟಿಸಿದ್ದು. ಅವರ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂದು ನಾನು ಇಲ್ಲಿಂದಲೇ ಹೇಳಬಲ್ಲೆ. ಎರಡು ವರ್ಷದಿಂದ ಆ ಗೋಡೆಯಾಚೆ ಇನ್ನೊಂದು ಸದ್ದು ಸೇರಿಕೊಂಡಿದೆ. ಅವರ ಹೆಂಡತಿ ವಿನೋದಿನಿಯಕ್ಕನ ಆಕ್ಸಿಜನ್ ಯಂತ್ರದ್ದು. ಕೋಣೆಯ ಗಾಳಿಯನ್ನೇ ಸೋಸಿ ಮೂಗಿನ ನಳಿಗೆಗೆ ಕಳಿಸುವ ಆ ಯಂತ್ರ ಕರೆಂಟಿಗೆ ಹಾಕಿದಷ್ಟು ಹೊತ್ತೂ ಗುಂಯ್ ಎನ್ನುತ್ತಿರುತ್ತದೆ. ಮೂವತ್ತು ವರ್ಷ ಮುನಿಸಿಪಾಲಿಟಿ ಶಾಲೆಯಲ್ಲಿ ಮಕ್ಕಳ ಗಲಾಟೆ ಕೇಳಿದವಳು ನಾನು. ಆದರೂ ಮಧ್ಯಾಹ್ನದ ನಿದ್ದೆ ಕೆಟ್ಟಾಗ ಆ ಸದ್ದಿಗೆ ಶಾಪ ಹಾಕಿದ್ದೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಪೂವಪ್ಪಣ್ಣ ಮೂಡಬಿದಿರೆ ಕಡೆಯವರು. ಬೈಕುಲ್ಲಾದ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ಶುರುಮಾಡಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಹುಟ್ಟಾ ಹೆದರುಪುಕ್ಕಲ. ಲೋಕಲ್ ಹಿಡಿಯಬೇಕಾದರೂ ಅರ್ಧ ಗಂಟೆ ಮುಂಚೆ ಸ್ಟೇಷನ್ನಿನಲ್ಲಿ ನಿಂತಿರುವ ಜಾತಿ. ಹೋಟೆಲು ಮುಚ್ಚುವಾಗ ಗ್ಯಾಸಿನ ತಿರುಪು ಎರಡು ಸಲ ಮುಟ್ಟಿ, ಮೇನ್ ಸ್ವಿಚ್ ಸ್ವತಃ ಕೆಳಗೆಳೆದು, ರಸ್ತೆಯ ತಿರುವಿನ ತನಕ ಹೋದವರು ಮತ್ತೆ ಬಂದು ಶಟರ್ ಎಳೆದು ನೋಡುತ್ತಿದ್ದರಂತೆ. "ಒಂದು ದಿನವೂ ಮೇನ್ ತೆಗೆಯದೆ ಮನೆಗೆ ಹೋದವನಲ್ಲ ನಾನು" ಎಂದು ಹೆಮ್ಮೆಯಿಂದ ಹೇಳುವಾಗ ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು.

ಇಂಥ ಮನುಷ್ಯ ಒಂಬೈನೂರು ಕಿಲೋಮೀಟರ್ ಕಾರು ಓಡಿಸಲು ಹೊರಟದ್ದು ಯಕ್ಷಿತಾಳ ಮದುವೆಗಾಗಿ. ಯಕ್ಷಿತಾ ವಿನೋದಿನಿಯಕ್ಕನ ತಂಗಿಯ ಮಗಳು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಆರನೇ ವಯಸ್ಸಿಗೆ ಈ ಮನೆಗೆ ಬಂದವಳು. ಮಕ್ಕಳಿಲ್ಲದ ಇವರೇ ಸಾಕಿದರು. ಮದುವೆ ಮೂಡಬಿದಿರೆಯಲ್ಲಿ. ಕೂಡಿದ ಕೈಗಳ ಮೇಲೆ ಧಾರೆಯ ನೀರು ಬಿಡಬೇಕಾದವರು ಇವರಿಬ್ಬರೇ.

"ದೊಡ್ಡಮ್ಮ, ಹಾಲ್ ಇಲ್ಲೇ ಚೆಂಬೂರಲ್ಲಿ ಮಾಡುವ, ಪ್ಲೀಸ್. ಐ ಆಮ್ ಸೀರಿಯಸ್" ಎಂದಳು ಹುಡುಗಿ.

"ನನ್ನ ಉಸಿರಿಗಾಗಿ ಹುಡುಗನ ಕಡೆಯ ನಾನೂರು ಜನ ರೈಲು ಹತ್ತಬೇಕಾ? ನಾನು ಬರ್ತೇನೆ" ಎಂದರು ವಿನೋದಿನಿಯಕ್ಕ. ಅವರು ಹೇಳಿದರೆ ಮುಗಿಯಿತು.

ಅವರ ಎಲೆಕ್ಟ್ರಿಕ್ ಕಾರಿನೊಳಗೆ ಮನೆಯಲ್ಲಿರುವಂಥದೇ ಒಂದು ಪ್ಲಗ್ ಪಾಯಿಂಟ್ ಇದೆ. ಗಾಡಿ ಓಡುತ್ತಿರುವಾಗಲೂ ಯಂತ್ರಕ್ಕೆ ಕರೆಂಟು ಸಿಗುತ್ತದೆ. ಪೂವಪ್ಪಣ್ಣ ಆ ಕಾರನ್ನು ಆರಿಸಿದ್ದೇ ಅದಕ್ಕಾಗಿ. ಆದರೆ ಕೊಂಡ ಮೇಲೆ ಅವರಿಗೆ ಹೊಳೆದ ವಿಷಯ ಬೇರೆ. ರಸ್ತೆಯೂ ಒಂದೇ ಬ್ಯಾಟರಿಯಿಂದ, ಹೆಂಡತಿಯ ಉಸಿರೂ ಅದೇ ಬ್ಯಾಟರಿಯಿಂದ. ಆ ದಿನದಿಂದ ಅವರ ನಿದ್ದೆ ಹೋಯಿತು.

ಒಂದು ದಪ್ಪ ನೋಟುಪುಸ್ತಕ ತಂದರು. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಅಂಕೋಲಾ ಎಂದು ಪುಟಕ್ಕೊಂದು ಊರು. ಎಲ್ಲಿ ಫಾಸ್ಟ್ ಚಾರ್ಜರ್ ಇದೆ, ಎಷ್ಟು ಹೊತ್ತು ನಿಲ್ಲಬೇಕು, ನೆರಳಿದೆಯೇ, ಅದು ಕೆಟ್ಟಿದ್ದರೆ ಮುಂದಿನದು ಎಷ್ಟು ದೂರ. ಫೋನಿನ ಆ್ಯಪ್ ಹೇಳಿದ್ದನ್ನು ಅವರು ನಂಬುತ್ತಿರಲಿಲ್ಲ. ನಂಬುತ್ತಿದ್ದದ್ದು ನಮ್ಮವರ ಹೋಟೆಲುಗಳನ್ನು. ಹೆದ್ದಾರಿಯಲ್ಲಿ ಚಾರ್ಜರ್ ಇರುವ ಹೋಟೆಲಿನ ಹೆಸರು ಸಿಕ್ಕಿತೆಂದರೆ ಬೈಕುಲ್ಲಾದ ಹಳೆಯ ಸಂಬಂಧ ಹಿಡಿದು, ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ಯಾವ ಊರಿನವರು, ಯಾರ ಭಾವ ಎಂದು ಪತ್ತೆ ಹಚ್ಚಿ ಫೋನು ಮಾಡುವರು. "ನಮ್ಮವರು ಉಂಟು ಅಂದ್ರೆ ಉಂಟು, ಟೀಚರ್" ಎಂದು ನನಗೂ ಪಾಠ ಹೇಳಿದ್ದರು. ಹೆಂಡತಿಗೆ ಮಾತ್ರ ಆ ಪುಸ್ತಕ ತೋರಿಸುತ್ತಿರಲಿಲ್ಲ. ಲೆಕ್ಕ ನೋಡಿದರೆ ಅವಳು ಹೆದರಿಯಾಳು ಎಂದು ಅಡುಗೆಮನೆಯ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಕಾರು ತೆಗೆದುಕೊಂಡು ಇಂದು ಘಾಟ್ಕೋಪರ್, ನಾಳೆ ಗೋರೆಗಾಂವ್ ಎಂದು ಹೋಗಿ, ಚಾರ್ಜರಿನ ಗನ್, ಅಂದರೆ ಕೇಬಲ್ಲಿನ ತುದಿಯ ದಪ್ಪ ಪ್ಲಗ್ಗು, ಅದನ್ನು ಕಾರಿಗೆ ಸಿಕ್ಕಿಸುವುದು, ತೆಗೆಯುವುದು, ಅಷ್ಟನ್ನೇ ಅಭ್ಯಾಸ ಮಾಡಿ ಬರುತ್ತಿದ್ದರು. ಆ ಹೊತ್ತಿಗೆ ಗೋಡೆಯಾಚೆಯ ಸದ್ದೂ ಒಂದು ಗಂಟೆ ನಿಲ್ಲುತ್ತಿತ್ತು. ಅಕ್ಕ ಮಲಗಿರಬೇಕು, ಯಂತ್ರಕ್ಕೂ ವಿಶ್ರಾಂತಿ ಕೊಟ್ಟಿರಬೇಕು ಎಂದುಕೊಂಡೆ. ಆ ಮೂರು ವಾರ ನನಗೆ ಒಳ್ಳೆಯ ನಿದ್ದೆ ಬಂತು.

ಮದುವೆಗೆ ಎರಡು ವಾರ ಇರುವಾಗ, ಒಂದು ಸೋಮವಾರ, ರಸ್ತೆ ಖಾಲಿ ಇರುತ್ತದೆಂದು ಪೂವಪ್ಪಣ್ಣ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಯಂತ್ರದ ಪಕ್ಕ ಕೂರಿಸಿಕೊಂಡು ಖೋಪೋಲಿಗೆ ಪರೀಕ್ಷೆಯ ಪ್ರಯಾಣ ಹೊರಟರು. ಅಲ್ಲಿ ಸುಭಾಷ ಎಂಬವರ ಹೋಟೆಲಿನ ಅಂಗಳದಲ್ಲಿ ಚಾರ್ಜರ್ ಇತ್ತು. ಖಾಲಿ ಬ್ಯಾಟರಿ ಎಷ್ಟು ಬೇಗ ತುಂಬುತ್ತದೆಂದು ನೋಡಬೇಕಲ್ಲ, ಬೇಕೆಂದೇ ನಲವತ್ತೆರಡು ಪರ್ಸೆಂಟಿನಲ್ಲಿ ಹೊರಟರು. ಮನೆಯಲ್ಲಿದ್ದ ಸಣ್ಣ ಆಕ್ಸಿಜನ್ ಸಿಲಿಂಡರನ್ನು ದೊಡ್ಡ ಪ್ರಯಾಣಕ್ಕೆಂದು ತುಂಬಿಸಲು ಕಳಿಸಿದ್ದರು.

ಖೋಪೋಲಿ ಮುಟ್ಟಿದಾಗ ಬ್ಯಾಟರಿ ಹತ್ತೊಂಬತ್ತು. ಹೋಟೆಲಿನ ಶಟರ್ ಎಳೆದಿತ್ತು. ಚಾರ್ಜರಿನ ಪರದೆ ಕಪ್ಪಗಿತ್ತು. ಫೋನು ಮಾಡಿದರು.

"ಅಯ್ಯೋ ಪೂವಪ್ಪಣ್ಣ, ಇವತ್ತು ಸೋಮವಾರ ಅಲ್ವಾ, ವಾರದ ರಜೆ" ಎಂದರು ಸುಭಾಷ. "ನಾನು ಗೋರೆಗಾಂವ್‌ನಲ್ಲಿ ತಂಗಿ ಮನೆಯಲ್ಲಿದ್ದೇನೆ. ಕೀ ನನ್ನ ಹತ್ರ ಉಂಟು. ಮೇನ್ ತೆಗೆದೇ ಬಂದದ್ದು. ನಿಮಗೆ ಗೊತ್ತಲ್ಲ, ನಮ್ಮ ಅಭ್ಯಾಸ."

ಗೊತ್ತಿಲ್ಲದೆ ಏನು. ನೂರು ಪ್ರಶ್ನೆ ಕೇಳಿ ಬರೆದುಕೊಂಡವರು ವಾರದ ರಜೆ ಯಾವತ್ತು ಎಂದು ಕೇಳಿರಲಿಲ್ಲ. ಮೇನ್ ಎಳೆದ ಹೋಟೆಲಿನ ಮುಂದೆ, ಆಯುಷ್ಯಪೂರ್ತಿ ಮೇನ್ ಎಳೆದ ಮನುಷ್ಯ ಬಿಸಿಲಲ್ಲಿ ನಿಂತಿದ್ದರು. ಆದರೂ ಒಂದು ಸಲ ಶಟರ್ ಎಳೆದು ನೋಡಿದೆ ಎಂದು ಅವರೇ ನನಗೆ ಹೇಳಿದರು.

ಆ್ಯಪ್ ತೋರಿಸಿದ ಇನ್ನೊಂದು ಚಾರ್ಜರಿಗೆ ಹೋದರು. ಅದರ ಕೇಬಲ್ಲೇ ಕಿತ್ತುಹೋಗಿತ್ತು. ಈಗ ಹದಿನಾರು. ಎಲ್ಲಾದರೂ ಸಾದಾ ಪ್ಲಗ್ಗಿಗೆ ಹಾಕಿದರೆ ಗಂಟೆಗೆ ಹತ್ತು ಕಿಲೋಮೀಟರಿನಷ್ಟೂ ತುಂಬುವುದಿಲ್ಲ, ಅಷ್ಟು ಹೊತ್ತು ಆ ಸೆಖೆಯಲ್ಲಿ ಹೆಂಡತಿಯನ್ನು ಎಲ್ಲಿ ಕೂರಿಸುವುದು? ಪನವೇಲ್ ಮೂವತ್ತು ಕಿಲೋಮೀಟರ್. ಎ.ಸಿ. ಬಂದ್ ಮಾಡಿ, ಕಿಟಕಿ ಇಳಿಸಿ, ನಿಧಾನ ಹೊರಟರು.

"ಸಾಕಾಗ್ತದಾ?" ಎಂದು ಕೇಳಿದರು ವಿನೋದಿನಿಯಕ್ಕ.

"ಸಾಕಾಗ್ತದೆ, ಸಾಕಾಗ್ತದೆ. ನೀನು ಮಾತಾಡಬೇಡ, ಸುಮ್ಮನೆ ಕೂತ್ಕೋ."

ಅಕ್ಕನ ಬೆರಳಿಗೆ ರಕ್ತದಲ್ಲಿನ ಆಮ್ಲಜನಕ ತೋರಿಸುವ ಕ್ಲಿಪ್ ಇತ್ತು. ಅದು ತೊಂಬತ್ತಕ್ಕಿಂತ ಕೆಳಗಿಳಿಯಬಾರದು. ಬೇರೆ ದಿನ ಐದು ನಿಮಿಷಕ್ಕೊಮ್ಮೆ ಅದನ್ನು ನೋಡುವ ಪೂವಪ್ಪಣ್ಣ ಅವತ್ತು ಸ್ಟಿಯರಿಂಗ್ ಮುಂದಿನ ಅಂಕಿಯಿಂದ ಕಣ್ಣು ಕೀಳಲಿಲ್ಲ. ಹದಿಮೂರು. ಹನ್ನೊಂದು. ಹತ್ತಕ್ಕೆ ಕೆಂಪು ದೀಪ. ಪಕ್ಕದಲ್ಲಿ ಲಾರಿಗಳ ಅಬ್ಬರ. ಏಳಕ್ಕೆ ಟ್ರಾಫಿಕ್ ಜಾಮ್. ಗಾಡಿ ನಿಂತರೆ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ಅವಳು, ಎನ್ನುವಲ್ಲಿಗೆ ಬಂದು ಅವರ ಮನಸ್ಸು ಪ್ರತಿ ಸಲ ಹಿಂದಕ್ಕೆ ಓಡುತ್ತಿತ್ತಂತೆ. ಮುಕ್ಕಾಲು ಗಂಟೆಯ ಮೇಲಾಯಿತು. ಪನವೇಲಿನ ಪೆಟ್ರೋಲ್ ಪಂಪಿನ ಚಾರ್ಜರ್ ಮುಟ್ಟಿದಾಗ ಮೂರು ಉಳಿದಿತ್ತು.

ಗನ್ ಸಿಕ್ಕಿಸಿದರು. ಪರದೆಯಲ್ಲಿ ಹಸಿರು ಬಂತು. "ಬಂದೆವು ವಿನೂ" ಎಂದು ಹಿಂದಿನ ಬಾಗಿಲು ತೆಗೆದರು.

ನಳಿಗೆ ಮೂಗಿನಲ್ಲೇ ಇತ್ತು. ಯಂತ್ರಕ್ಕೆ ಸದ್ದಿರಲಿಲ್ಲ. ಅಕ್ಕನ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. ಬೆರಳಿನ ಅಂಕಿ ಎಪ್ಪತ್ತೆಂಟು. ಕಣ್ಣು ಅರ್ಧ ತೆರೆದು, ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಯಂತ್ರ ಕೆಟ್ಟಿರಲಿಲ್ಲ. ಖೋಪೋಲಿ ದಾಟಿದ ಕೂಡಲೇ ಅವರೇ ಸ್ವಿಚ್ ಆರಿಸಿದ್ದರು. ತೆರೆದ ಕಿಟಕಿ, ಲಾರಿಗಳ ಸದ್ದು, ಗಂಡನಿಗೆ ತಿಳಿದಿರಲಿಲ್ಲ.

ಸ್ವಿಚ್ ಒತ್ತಿ ಪೂವಪ್ಪಣ್ಣ ಅಲ್ಲೇ ನೆಲದ ಮೇಲೆ ಕೂತರು, ಆ ಬೆರಳು ಹಿಡಿದುಕೊಂಡು. ಎಂಬತ್ತಕ್ಕೆ ಬರಲು ಎಷ್ಟು ಹೊತ್ತು, ಎಂಬತ್ತೈದಕ್ಕೆ ಎಷ್ಟು ಹೊತ್ತು. ತೊಂಬತ್ತು ಕಂಡ ಮೇಲೆ ಅಕ್ಕನಿಗೆ ಮಾತು ಬಂತು.

"ಎಷ್ಟು ಉಳಿಯಿತು?" ಎಂದು ಕೇಳಿದರು.

ಮೂರು ಉಳಿಯಿತು, ನೀನು ಆರಿಸಿದ್ದರಿಂದಲೇ ಮುಟ್ಟಿದೆವು ಎನ್ನುವ ಮಾತು ಪೂವಪ್ಪಣ್ಣನ ನಾಲಗೆ ತುದಿಗೆ ಬಂದಿತ್ತಂತೆ. ಹಾಗೆಂದರೆ ಹುಬ್ಬಳ್ಳಿ ದಾರಿಯಲ್ಲಿ ಇವಳು ಮತ್ತೆ ಆರಿಸುತ್ತಾಳೆ. ಅಕ್ಕಿ ಡಬ್ಬದ ಹಿಂದಿನ ಪುಸ್ತಕವನ್ನು ಅವತ್ತು ಕಾರಿನ ಡ್ರಾವರಿನಲ್ಲಿ ಇಟ್ಟುಕೊಂಡಿದ್ದರು. ತೆಗೆದು, ಎರಡನೇ ಪುಟ ಬಿಡಿಸಿ ಅವರ ಮಡಿಲಲ್ಲಿಟ್ಟರು. ಅಲ್ಲಿ ಹೀಗೆ ಬರೆದಿತ್ತು: ವಿನೂನ ಯಂತ್ರ, ಗಂಟೆಗೆ ಒಂದು ಪರ್ಸೆಂಟಿಗಿಂತ ಕಡಿಮೆ. ಚಿಂತೆಯಿಲ್ಲ.

ಅಕ್ಕ ಅದನ್ನು ಬೆರಳಿಟ್ಟು ಓದಿದರು. "ಇದನ್ನು ಮೊದಲೇ ತೋರಿಸಬಾರದಿತ್ತಾ? ನಾನೇ ಗಾಡಿಯ ಅರ್ಧ ಕರೆಂಟು ತಿನ್ನೋದು ಅಂದ್ಕೊಂಡಿದ್ದೆ. ನೀವು ಮಧ್ಯಾಹ್ನ ಹೋದ ಮೇಲೆ ದಿನಾ ಒಂದು ಗಂಟೆ ಬಂದ್ ಮಾಡಿ ಕೂರ್ತಿದ್ದೆ, ಅಭ್ಯಾಸ ಆಗಲಿ ಅಂತ."

ಇದನ್ನು ಅಕ್ಕನೇ ತಮ್ಮ ಅಡುಗೆಮನೆಯಲ್ಲಿ ಯಂತ್ರದ ಪಕ್ಕ ಕೂತು ನನಗೆ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ದಿನಾ ಮಧ್ಯಾಹ್ನ ಅವರು ಉಸಿರು ಕಟ್ಟಿ ಕೂತಿದ್ದದ್ದು ನನ್ನ ತಲೆದಿಂಬಿನಿಂದ ಒಂದು ಇಟ್ಟಿಗೆಯಷ್ಟು ದೂರದಲ್ಲಿ. ಕಿವಿ ನೆಟ್ಟಗಿತ್ತು, ಬುದ್ಧಿ ಇರಲಿಲ್ಲ.

ಈಗ ಪುಸ್ತಕ ಅಕ್ಕನ ಕೈಯಲ್ಲಿದೆ. ಹೋಟೆಲುಗಳಿಗೆ ಫೋನು ಅವರದೇ. "ವಾರದ ರಜೆ ಯಾವತ್ತು? ಮೇನಿನ ಕೀ ಯಾರ ಹತ್ರ ಉಂಟು?" ಎಂದು ಕೇಳುವುದು ಗೋಡೆಯಾಚೆಯಿಂದ ಕೇಳಿಸುತ್ತದೆ. ಸಿಲಿಂಡರ್ ತುಂಬಿ ಬಂದಿದೆ. ಪೂವಪ್ಪಣ್ಣ ಹಾಲು ತರಲು ಕೆಳಗಿಳಿದವರು ಮೆಟ್ಟಿಲ ಅರ್ಧದಿಂದ ಹಿಂದೆ ಬಂದು ಬಾಗಿಲಿಗೆ ಕಿವಿಯಿಟ್ಟು ಹೋಗುತ್ತಾರೆ. ಈಗ ಯಾರೂ ಅವರನ್ನು ನೋಡಿ ನಗುವುದಿಲ್ಲ.

ಗುರುವಾರ ಬೆಳಿಗ್ಗೆ ಹೊರಡುತ್ತಾರೆ. ಮಧ್ಯಾಹ್ನ ಮಲಗಿದರೆ ಆ ಗುಂಯ್ ಇದೆಯೇ ಎಂದು ಕೇಳುತ್ತಾ ಮಲಗುತ್ತೇನೆ. ಇದ್ದರೆ ಕಣ್ಣು ಹತ್ತುತ್ತದೆ. ಅವರು ಹೋದ ಮೇಲೆ ಏಳು ದಿನ ಗೋಡೆ ಸುಮ್ಮನಿರುತ್ತದೆ, ಹೇಗೆ ಮಲಗುವುದೆಂದು ನನಗೆ ಗೊತ್ತಿಲ್ಲ.